ಹರಳು ಆಯುವ ಮುನ್ನ ನೆಲ ಯಾರದೆಂದು ನೋಡಿ: ಅಮೆರಿಕದ ಸರ್ಕಾರಿ ಜಾಗಗಳ ನಿಯಮ

ಅರಿಝೋನಾದ ಪೆಟ್ರಿಫೈಡ್ ಫಾರೆಸ್ಟ್ ನ್ಯಾಷನಲ್ ಪಾರ್ಕಿನೊಳಗೆ ಬೆರಳುಗುರಿನಷ್ಟು ಕಲ್ಲುಮರದ (ಕಾಲಾಂತರದಲ್ಲಿ ಕಲ್ಲಾದ ಮರದ) ಚೂರನ್ನು ಜೇಬಿಗೆ ಹಾಕಿಕೊಂಡರೂ ಅಪರಾಧ. ಅಂಥದ್ದೇ ಕಲ್ಲುಮರ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಸರ್ಕಾರಿ ಭೂಮಿ ನೋಡಿಕೊಳ್ಳುವ ಬಿಎಲ್‌ಎಂ ಇಲಾಖೆಯ ಬಯಲಲ್ಲಿ ಬಿದ್ದಿದ್ದರೆ ದಿನಕ್ಕೆ 25 ಪೌಂಡ್ ಮತ್ತು ಒಂದು ತುಂಡು, ವರ್ಷಕ್ಕೆ ಒಟ್ಟು 250 ಪೌಂಡ್ ಮೀರದಂತೆ, ಪರ್ಮಿಟ್ ಇಲ್ಲದೆ ಮನೆಗೆ ತರಬಹುದು. ಕಲ್ಲು ಒಂದೇ, ಒಡೆಯ ಬೇರೆ. ಹಾಗಾಗಿ ಸುತ್ತಿಗೆ, ಜರಡಿ ಕೊಳ್ಳುವ ಮೊದಲು ನಕ್ಷೆ ಓದುವುದನ್ನು ಕಲಿಯಿರಿ.

ಬಿಎಲ್‌ಎಂ ಪ್ರಕಟಿಸುವ ನಕ್ಷೆಯಲ್ಲಿ ಹಳದಿ ಬಣ್ಣವೆಂದರೆ ಬಿಎಲ್‌ಎಂ ಜಾಗ. ಹಸಿರು ಫಾರೆಸ್ಟ್ ಸರ್ವಿಸ್‌ನದು, ತಿಳಿ ನೇರಳೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನದು, ನೀಲಿ ರಾಜ್ಯ ಸರ್ಕಾರದ್ದು, ಬಿಳಿ ಖಾಸಗಿಯವರದ್ದು. ಮೂಲನಿವಾಸಿ ಬುಡಕಟ್ಟುಗಳ ರಿಸರ್ವೇಶನ್ ಸಾರ್ವಜನಿಕ ಜಾಗವೇ ಅಲ್ಲ. ಅಲ್ಲಿ ಆ ಬುಡಕಟ್ಟಿನ ಆಡಳಿತದ ಒಪ್ಪಿಗೆ ಬೇಕು. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಹರಳು ಸಿಗುವ ಕಡೆ ಸಿಗ್ನಲ್ ಸಿಗುವುದು ಅಪರೂಪ.

ಹೊಸಬರು ಎಡವುವುದು ಇಲ್ಲೇ: ಈ ಬಣ್ಣಗಳು ಮೇಲ್ಮೈಯ ಒಡೆತನವನ್ನಷ್ಟೇ ಹೇಳುತ್ತವೆ. 1872ರ ಗಣಿ ಕಾಯ್ದೆಯಡಿ ಹಳದಿ ಅಥವಾ ಹಸಿರು ಜಾಗದ ಒಳಗೂ ಯಾರೋ ‘ಮೈನಿಂಗ್ ಕ್ಲೇಮ್’, ಅಂದರೆ ಖನಿಜ ತೆಗೆಯುವ ಹಕ್ಕು, ಹಾಕಿರಬಹುದು. ಅಲ್ಲಿ ನಡೆದಾಡಬಹುದು, ಡೇರೆ ಹಾಕಬಹುದು. ಖನಿಜ ಮಾತ್ರ ಕ್ಲೇಮ್‌ದಾರರದು. ಅವರ ಒಪ್ಪಿಗೆಯಿಲ್ಲದೆ ಒಂದು ಹರಳನ್ನೂ ಎತ್ತುವಂತಿಲ್ಲ. ಹೊರಡುವ ಮೊದಲು ಬಿಎಲ್‌ಎಂನ ಎಂಎಲ್‌ಆರ್‌ಎಸ್ ಆನ್‌ಲೈನ್ ದಾಖಲೆಯಲ್ಲಿ ಆ ಜಾಗವನ್ನು ಹುಡುಕಿ. ಜಾಗಕ್ಕೆ ಹೋದ ಮೇಲೆ ಮೂಲೆಗಳಲ್ಲಿ ನೆಟ್ಟ ಕಂಬ, ಪೇರಿಸಿಟ್ಟ ಕಲ್ಲುಗುಡ್ಡೆ, ಡಬ್ಬಿಯೊಳಗೆ ಮಡಚಿಟ್ಟ ಕಾಗದ ಇವೆಯೇ ಗಮನಿಸಿ. ಗುರುತು ಕಾಣಲಿಲ್ಲವೆಂದ ಮಾತ್ರಕ್ಕೆ ಕ್ಲೇಮ್ ಇಲ್ಲವೆಂದುಕೊಳ್ಳಬೇಡಿ, ಕಂಬ ಬಿದ್ದುಹೋಗಿರಬಹುದು.

ಮುಚ್ಚಿಲ್ಲದ ಬಿಎಲ್‌ಎಂ ಜಾಗದಲ್ಲಿ ಅರೆ-ಅಮೂಲ್ಯ ಹರಳುಗಳನ್ನು ಸ್ವಂತಕ್ಕೆಂದು ‘ಮಿತವಾದ ಪ್ರಮಾಣ’ದಲ್ಲಿ ತೆಗೆದುಕೊಳ್ಳಬಹುದು. ಮಾರುವಂತಿಲ್ಲ, ವಿನಿಮಯಕ್ಕೂ ಕೊಡುವಂತಿಲ್ಲ. ಕೈಸಲಕರಣೆ ಸಾಕು, ಯಂತ್ರ, ಸಿಡಿಮದ್ದು ಬೇಡ. ನಾಲ್ಕು ಜನರ ಪಾಲು ಸೇರಿಸಿ 250 ಪೌಂಡ್ ಮೀರಿದ ಒಂದೇ ಕಲ್ಲುಮರದ ದಿಮ್ಮಿ ಎತ್ತುವ ಲೆಕ್ಕಾಚಾರವೂ ನಡೆಯುವುದಿಲ್ಲ. ಫಾರೆಸ್ಟ್ ಸರ್ವಿಸ್ ಜಾಗದಲ್ಲಿ ಮಿತಿ ಒಂದೊಂದು ಕಡೆ ಒಂದೊಂದು ತರಹ. ಅಲ್ಲಿನ ರೇಂಜರ್ ಕಚೇರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಈ ಜಾಗ ತೆರೆದಿದೆಯೇ? ಎಷ್ಟು ತೂಕ? ಅಗೆಯಬಹುದೇ, ಮೇಲೆ ಬಿದ್ದಿದ್ದಷ್ಟೇ ಆಯಬೇಕೇ?

ಮೊದಲ ಸಲಕ್ಕೆ ಓರೆಗಾನ್ ರಾಜ್ಯದ ಪ್ಲಶ್ ಊರಿನ ಉತ್ತರಕ್ಕಿರುವ ಸನ್‌ಸ್ಟೋನ್ ಪಬ್ಲಿಕ್ ಕಲೆಕ್ಷನ್ ಏರಿಯಾ ಒಳ್ಳೆಯ ಆಯ್ಕೆ. ಸಾರ್ವಜನಿಕರಿಗೆಂದೇ ಬಿಎಲ್‌ಎಂ ಬಿಟ್ಟಿರುವ ಜಾಗ, ಶುಲ್ಕವಿಲ್ಲ. ಸನ್‌ಸ್ಟೋನ್ ಎಂದರೆ ಲ್ಯಾಬ್ರಡೊರೈಟ್ ಜಾತಿಯ ಫೆಲ್ಡ್‌ಸ್ಪಾರ್. ಒಳಗಿನ ತಾಮ್ರದ ಸಣ್ಣ ಪದರಗಳಿಂದ ಕೆಲವು ಹರಳು ಒಳಗಿಂದಲೇ ಹೊಳೆಯುತ್ತವೆ. ಬಹುಪಾಲು ಸಿಗುವುದು ಒಣಹುಲ್ಲಿನ ಬಣ್ಣದ್ದು. ಕೆಂಪು, ಹಸಿರು ಅಪರೂಪ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿರುವಾಗ ಸೂರ್ಯನ ಕಡೆ ಮುಖ ಮಾಡಿ ನಿಧಾನ ನಡೆಯಿರಿ. ನೆಲದಲ್ಲಿ ಮಿಣುಕಿದ್ದಕ್ಕೆ ಬಗ್ಗಿ. ಬಾಟಲಿ ಚೂರು ಒಡೆದ ಕಡೆ ಚಿಪ್ಪಿನಂತೆ ಬಾಗಿರುತ್ತದೆ; ಸನ್‌ಸ್ಟೋನ್‌ನಲ್ಲಿ ಕತ್ತಿ ಇಟ್ಟು ಸೀಳಿದಂಥ ಚಪ್ಪಟೆ ಮುಖ ಸಾಮಾನ್ಯವಾಗಿ ಒಂದಾದರೂ ಕಾಣುತ್ತದೆ. ಅಗೆಯುವುದಾದರೆ ಸಡಿಲ ಮಣ್ಣನ್ನು ಕಾಲಿಂಚಿನ ಜರಡಿಯಲ್ಲಿ ಹಿಡಿಯಿರಿ. ಕಪ್ಪು ಬಸಾಲ್ಟ್‌ನಲ್ಲಿ ಹುದುಗಿದ ಹರಳಿಗೆ ನೇರ ಸುತ್ತಿಗೆ ಬಿದ್ದರೆ ಪದರ ಪದರವಾಗಿ ಒಡೆದುಹೋಗುತ್ತದೆ. ಸುತ್ತಲಿನ ಬಂಡೆಯನ್ನು ಉಳಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ. ಹೊರಡುವಾಗ ಗುಂಡಿ ಮುಚ್ಚಲೇಬೇಕು. ಆ ಬಯಲಲ್ಲಿ ದನ, ಜಿಂಕೆ ಓಡಾಡುತ್ತವೆ, ಕಾಲು ಮುರಿದುಕೊಳ್ಳುತ್ತವೆ. ಅಕ್ಕಪಕ್ಕದಲ್ಲೇ ಖಾಸಗಿ ಕ್ಲೇಮ್‌ಗಳಿವೆ, ಗಡಿಯ ಬೋರ್ಡು ದಾಟಬೇಡಿ. ಜಲ್ಲಿ ರಸ್ತೆ ಬಹಳ ದೂರ; ಕುಡಿಯುವ ನೀರು, ತುಂಬಿದ ಟ್ಯಾಂಕ್, ಗಾಳಿಯಿರುವ ಸ್ಟೆಪ್ನಿ ಜೊತೆಗಿರಲಿ.

ಸ್ಟೇಟ್ ಪಾರ್ಕ್‌ಗಳಲ್ಲಿ ಸಾಮಾನ್ಯವಾಗಿ ಕಲ್ಲು ಮುಟ್ಟುವಂತಿಲ್ಲ. ಅರ್ಕಾನ್ಸಾಸ್‌ನ ಕ್ರೇಟರ್ ಆಫ್ ಡೈಮಂಡ್ಸ್ ಇದಕ್ಕೆ ಹೊರತು: ಟಿಕೆಟ್ ಕೊಂಡು 37 ಎಕರೆ ಉತ್ತ ಹೊಲದಲ್ಲಿ ಹುಡುಕಿದರೆ ಸಿಕ್ಕ ವಜ್ರ ನಿಮ್ಮದೇ. ಮೋಟಾರ್ ಅಥವಾ ಬ್ಯಾಟರಿಯ ಸಲಕರಣೆಗೆ ಅಲ್ಲೂ ಅವಕಾಶವಿಲ್ಲ.

ಹರಳು ಹುಡುಕುವಾಗ ಬೇರೆಯದೂ ಕಣ್ಣಿಗೆ ಬೀಳುತ್ತದೆ. ಅಂಚು ಸಾಲಾಗಿ ಚಕ್ಕೆ ತೆಗೆದ ಅಬ್ಸಿಡಿಯನ್ (ಜ್ವಾಲಾಮುಖಿಯ ಗಾಜಿನಂಥ ಕಲ್ಲು) ಕಂಡರೆ ಅದು ಮನುಷ್ಯರ ಕೈಕೆಲಸ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1979ರ ಪುರಾತತ್ವ ಕಾಯ್ದೆಯ ರಕ್ಷಣೆಯಿದೆ. ಫೋಟೋ ತೆಗೆದು, ಇದ್ದಲ್ಲೇ ಬಿಡಿ. ಬೆನ್ನುಮೂಳೆಯ ಪ್ರಾಣಿಗಳ ಪಳೆಯುಳಿಕೆ, ಮೂಳೆಯಾಗಲಿ ಹಲ್ಲಾಗಲಿ, ಪರ್ಮಿಟ್ ಇಲ್ಲದೆ ಎತ್ತುವಂತಿಲ್ಲ.

ನ್ಯಾಷನಲ್ ಪಾರ್ಕಿನಲ್ಲಿ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ ಆಗಬಹುದು. ವೀಸಾದಲ್ಲಿರುವ ನಮ್ಮವರು ಇನ್ನೊಂದನ್ನೂ ನೆನಪಿಡಬೇಕು: ಬಂಧನವಾಗಿದೆಯೇ, ಆರೋಪ ಹೊರಿಸಲಾಗಿದೆಯೇ ಎಂದು ಗ್ರೀನ್ ಕಾರ್ಡ್ ಅರ್ಜಿ ಕೇಳುತ್ತದೆ. ಮಕ್ಕಳ ಜೇಬು, ಶೂಗಳನ್ನು ಪಾರ್ಕಿನ ಗೇಟು ದಾಟುವ ಮುನ್ನವೇ ನೋಡಿಬಿಡಿ.

ಇದೇ ರೂಢಿಯನ್ನು ರಜೆಗೆ ಊರಿಗೆ ಹೋದಾಗ ಪಶ್ಚಿಮ ಘಟ್ಟಕ್ಕೆ ಒಯ್ಯಬೇಡಿ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಕಾಡಿನ ಕಲ್ಲು, ಖನಿಜವೂ ಅರಣ್ಯ ಉತ್ಪನ್ನವೇ. ಹವ್ಯಾಸಿಗಳಿಗೆಂದು 25 ಪೌಂಡಿನಂಥ ವಿನಾಯಿತಿ ಅಲ್ಲಿಲ್ಲ.