ಕೈ ಕೊಟ್ಟನೋ, ಕೈ ಹಿಡಿದನೋ: ಹಾವರ್ಟ್ಜ್ ಬಗ್ಗೆ ನಾನು ಇಟ್ಟ ಒಂದು ಸೀಸನ್ನಿನ ಲೆಕ್ಕ

2023ರ ಜೂನ್ ಕೊನೆಯಲ್ಲಿ ಲಂಡನ್ನಿನ ಫುಟ್‌ಬಾಲ್ ತಂಡ ಆರ್ಸೆನಲ್ ಅದೇ ಊರಿನ ಚೆಲ್ಸಿಯಿಂದ ಜರ್ಮನ್ ಆಟಗಾರ ಕೈ ಹಾವರ್ಟ್ಜ್‌ನನ್ನು ಕೊಂಡಿತು. ಆ ರಾತ್ರಿ ಬಂದ ಮೊದಲ ಮೆಸೇಜು ಚೆಲ್ಸಿ ಅಭಿಮಾನಿಯಾದ ನನ್ನ ಗೆಳೆಯನದು. "ಹೆಸರಲ್ಲೇ ಇದೆಯಲ್ಲ ಮಗಾ. ನಮಗೆ ಕೊಟ್ಟಿದ್ದಾಯ್ತು, ಇನ್ನು ನಿಮಗೂ ಕೈ ಕೊಡ್ತಾನೆ." ಅದರ ಕೆಳಗೆ ಇನ್ನೊಂದು: "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ." ಕೊಟ್ಟ ಕೋಡಂಗಿಗಳು ನಾವು, ಆರ್ಸೆನಲ್ ಅಭಿಮಾನಿಗಳು. ಎಷ್ಟು ಕೊಟ್ಟಿದ್ದೆವು? ಪತ್ರಿಕೆಗಳು ಬರೆದ ಪ್ರಕಾರ ಸುಮಾರು 6.5 ಕೋಟಿ ಪೌಂಡ್. ಆಗಿನ ರೂಪಾಯಿ ಲೆಕ್ಕದಲ್ಲಿ 650 ಕೋಟಿಗೂ ಜಾಸ್ತಿ.

ನಗು ಬಂತು. ಹೊಟ್ಟೆಯೂ ಉರಿಯಿತು. ಯಾಕೆಂದರೆ ಇಂಥ ವಾದದಲ್ಲಿ ನಾನು ಒಮ್ಮೆ ಸೋತವನು.

2019ರಲ್ಲಿ ಆರ್ಸೆನಲ್ 7.2 ಕೋಟಿ ಪೌಂಡ್ ಕೊಟ್ಟು ಲೀಲ್ ಕ್ಲಬ್‌ನಿಂದ ನಿಕೊಲಾ ಪೆಪೆಯನ್ನು ತಂದಿತ್ತು. ಆರ್ಸೆನಲ್ ಅಲ್ಲಿಯತನಕ ಕೊಟ್ಟದ್ದರಲ್ಲಿ ಅದೇ ದಾಖಲೆ ಬೆಲೆ. ನಾನು ವರ್ಷಗಟ್ಟಲೆ ಪೆಪೆಯ ವಕೀಲನಾಗಿದ್ದೆ. 2020-21ರಲ್ಲಿ ಎಲ್ಲ ಟೂರ್ನಿ ಸೇರಿ 16 ಗೋಲ್ ಹೊಡೆದ. "16 ಗೋಲ್ ಹೊಡೆದವನನ್ನು ಯಾರಾದರೂ ಬೆಂಚ್ ಮೇಲೆ ಕೂರಿಸ್ತಾರಾ?" ಅಂತ ಕಂಡಕಂಡವರ ಹತ್ತಿರ ಜಗಳ ತೆಗೆದೆ. ಕೋಚ್ ಅರ್ಟೆಟಾ ಕೂರಿಸಿದರು. 2023ರಲ್ಲಿ ಒಪ್ಪಂದ ರದ್ದು ಮಾಡಿಕೊಂಡು ಪೆಪೆ ಹೊರಟುಹೋದ, ಕ್ಲಬ್ಬಿಗೆ ಪುಡಿಗಾಸೂ ಸಿಗಲಿಲ್ಲ. ನಾನು ಗೋಲ್ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ ಅಂತ ಆಮೇಲೆ ಹೊಳೆಯಿತು.

ಹಾಗಾಗಿ ಈ ಸಲ ಒಂದು ಲಾಂಗ್ ನೋಟ್‌ಬುಕ್ ತಂದೆ. ಲೀಗ್‌ನಲ್ಲಿ 38 ಪಂದ್ಯ. ಪಂದ್ಯಕ್ಕೊಂದು ಪುಟ. ಹಾವರ್ಟ್ಜ್‌ಗೆ ತಂಡದಲ್ಲಿ ಜಾಗ ನ್ಯಾಯವೋ ಅನ್ಯಾಯವೋ, ನಾನೇ ನೋಡಿ ತೀರ್ಮಾನ ಮಾಡೋಣ ಅಂತ.

ನನ್ನ ಯೋಗ್ಯತೆ ಏನು ಅಂತ ನೀವು ಕೇಳಬಹುದು. ಕಾಲೇಜಿನಲ್ಲಿ ಎಡಗಡೆ ಹಾಫ್ ಆಡುತ್ತಿದ್ದೆ. ಈಗ ಬೆಂಗಳೂರಿನಲ್ಲಿ ಭಾನುವಾರದ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಆಟಗಾರ, ಮಂಡಿ ಅರ್ಧ ಹೋಗಿದೆ. ನಮ್ಮ ಗುಂಪಿನಲ್ಲಿ ತಂಡ ಆರಿಸುವ ಕೆಲಸವೂ ನನ್ನದೇ. ಆ ಕೆಲಸಕ್ಕೆ ಸಿಗುವ ಬೈಗುಳ ಬೇರೆ ಯಾರಿಗೂ ಬೇಡ ಅನ್ನುವುದೊಂದೇ ಕಾರಣ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವನ ಬೆಲೆ ಬರೆದೆ. ಆಮೇಲೆ ಅದರ ಮೇಲೆ ಒಂದು ಚೀಟಿ ಅಂಟಿಸಿದೆ. ಸೀಸನ್ ಮುಗಿಯುವ ತನಕ ತೆಗೆಯುವ ಹಾಗಿಲ್ಲ. ಹುಚ್ಚಾಟ ಅನಿಸಬಹುದು, ಆದರೆ ನನಗೆ ಇದೇ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ದುಬಾರಿ ಆಟಗಾರನ ಬಗ್ಗೆ ಮಾತು ಶುರುವಾದರೆ ಜನ ಎರಡು ಪಾಲಾಗುತ್ತಾರೆ. ಇಷ್ಟು ಸುರಿದಿದ್ದಾರೆ, ಆಡಿಸಲೇಬೇಕು ಅನ್ನುವವರು ಒಂದು ಕಡೆ. ಇಷ್ಟು ದುಡ್ಡಿಗೆ ಇಷ್ಟೇನಾ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಮಾತಾಡುವುದು ದುಡ್ಡಿನ ಬಗ್ಗೆ, ಆಟದ ಬಗ್ಗೆ ಅಲ್ಲ. ಕ್ಲಬ್‌ಗಳು ಆ ಮೊತ್ತವನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಲೆಕ್ಕ ಬರೆಯುತ್ತವೆ. ಐದು ವರ್ಷ ಅಂತ ಹಿಡಿದರೆ ವರ್ಷಕ್ಕೆ 1.3 ಕೋಟಿ ಪೌಂಡ್. ಅವನು ಆಡಿದರೂ ಅಷ್ಟೇ, ಬೆಂಚ್ ಮೇಲೆ ಕೂತು ನೀರು ಕುಡಿದರೂ ಅಷ್ಟೇ. ಶನಿವಾರ ಯಾರನ್ನು ಇಳಿಸಬೇಕು ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇದು ಗೊತ್ತಿದ್ದರೂ ಪಾಲಿಸುವುದು ಕಷ್ಟ. ಗಲ್ಲಿ ಕ್ರಿಕೆಟ್‌ನಲ್ಲಿ ಬ್ಯಾಟು ಯಾರದೋ ಮೊದಲ ಬ್ಯಾಟಿಂಗ್ ಅವನದೇ ಅಲ್ವಾ? ನಮ್ಮ ಭಾನುವಾರದ ತಂಡದಲ್ಲೂ ಟರ್ಫ್ ಬಾಡಿಗೆ ಮುಂಗಡ ಕಟ್ಟುವ ಪುಣ್ಯಾತ್ಮ ಒಬ್ಬನಿದ್ದಾನೆ. ಅವನು ಯಾವತ್ತೂ ಸ್ಟ್ರೈಕರ್. ಗೋಲ್ ಹೊಡೆದದ್ದು ನನಗೆ ನೆನಪಿಲ್ಲ.

ಎರಡನೆಯದಾಗಿ, ಪಂದ್ಯ ಶುರುವಾಗುವ ಮೊದಲೇ ಅವನಿಗೆ ಕೊಟ್ಟಿರುವ ಕೆಲಸ ಏನು ಅಂತ ಬರೆದಿಡುವುದು. ಆಮೇಲೆ ಬರೆದರೆ ನಾವು ನೋಡಿದ್ದಕ್ಕೆ ತಕ್ಕ ಹಾಗೆ ಕೆಲಸವನ್ನೇ ಬದಲಾಯಿಸಿಬಿಡುತ್ತೇವೆ. ಆಗಸ್ಟ್‌ನ ಪುಟಗಳಲ್ಲಿ ನಾನು ಬರೆದದ್ದು: "ಜಾಕಾ ಜಾಗ." ನಮ್ಮ ಮಿಡ್‌ಫೀಲ್ಡರ್ ಗ್ರಾನಿಟ್ ಜಾಕಾ ಆ ಬೇಸಿಗೆಯಲ್ಲಿ ಜರ್ಮನಿಯ ಲೆವರ್‌ಕೂಸನ್‌ಗೆ ಹೋಗಿದ್ದ. (ಅಲ್ಲಿ ಅದೇ ವರ್ಷ ಒಂದೂ ಪಂದ್ಯ ಸೋಲದೆ ಜರ್ಮನ್ ಲೀಗ್ ಗೆದ್ದ. ಅದನ್ನು ನೋಡುತ್ತಾ ನಾವು ಅನುಭವಿಸಿದ್ದು ನಮಗೇ ಗೊತ್ತು.) ಮಿಡ್‌ಫೀಲ್ಡ್‌ನ ಎಡಗಡೆ ಅವನ ಕೆಲಸ ಏನಿತ್ತು? ಚೆಂಡು ಹಿಡಿದು ನಿಲ್ಲುವುದು, ಹಿಂದಿನ ಎಡ ಡಿಫೆಂಡರ್‌ಗೆ ಕಾವಲು, ಎಡ ಅಂಚಿನಲ್ಲಿ ಓಡುವ ಮಾರ್ಟಿನೆಲ್ಲಿಗೆ ಸಮಯಕ್ಕೆ ಸರಿಯಾಗಿ ಪಾಸ್, ತಡವಾಗಿ ಬಾಕ್ಸ್‌ಗೆ ನುಗ್ಗುವುದು.

ಈ ಪಟ್ಟಿ ಹಿಡಿದು ನೋಡಿದರೆ ಹಾವರ್ಟ್ಜ್ ಪುಟಗಳು ಖಾಲಿ ಖಾಲಿ. ಕೆಟ್ಟದಾಗಿ ಆಡುತ್ತಿದ್ದ ಅನ್ನುವುದಕ್ಕಿಂತ ಅವನು ಅಲ್ಲಿ ಇದ್ದಾನೆ ಅಂತಲೇ ಅನಿಸುತ್ತಿರಲಿಲ್ಲ. ಒಂದು ಟಚ್, ಚೆಂಡು ವಾಪಸ್, ಎರಡು ಕೈ ಚೆಲ್ಲಿ ನಿಲ್ಲುವುದು.

ಇನ್ನೊಂದು ತೊಂದರೆ ಎದುರಾಯಿತು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಚೆಂಡಿಲ್ಲದವನು ಏನು ಮಾಡುತ್ತಿದ್ದಾನೆ ಅಂತ ಕಾಣುವುದೇ ಇಲ್ಲ. ಅದಕ್ಕೆ ಮಾರನೇ ಬೆಳಿಗ್ಗೆ ಕಾಫಿ ಹೊತ್ತಿಗೆ ಮರುಪ್ರಸಾರದ ಮೊದಲ ಹದಿನೈದು ನಿಮಿಷ ಮತ್ತೆ ಹಾಕುತ್ತಿದ್ದೆ. ಚೆಂಡು ನೋಡಬಾರದು, ಅವನ 29 ನಂಬರ್ ಅಂಗಿ ಮಾತ್ರ. ಮಾಡಿ ನೋಡಿ, ಕಣ್ಣು ತಾನಾಗಿ ಚೆಂಡಿನ ಕಡೆ ಜಾರುತ್ತದೆ. ಎರಡು ವಾರ ಬೇಕಾಯಿತು ನನಗೆ ಅಭ್ಯಾಸವಾಗಲು. ಒಂದು ಬೆಳಿಗ್ಗೆ ನನ್ನ ಹೆಂಡತಿ ಹಿಂದೆ ನಿಂತು ನೋಡುತ್ತಿದ್ದವಳು ಕೇಳಿದಳು: "ಆ ಉದ್ದದವನು ಮುಂದೆ ಮುಂದೆ ಓಡ್ತಾನೇ ಇದಾನಲ್ಲಾ, ಯಾಕ್ರೀ ಯಾರೂ ಚೆಂಡು ಕೊಡಲ್ಲ ಅವನಿಗೆ?" ಫುಟ್‌ಬಾಲ್ ಅಂದರೆ ಮೂಗು ಮುರಿಯುವವಳು. ನಾನು ಆ ಮಾತನ್ನು ಅಂಚಿನಲ್ಲಿ ಗೀಚಿಟ್ಟೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

ಸೆಪ್ಟೆಂಬರ್ 30ರಂದು ಬೋರ್ನ್‌ಮತ್ ಮೇಲೆ ಅವನ ಮೊದಲ ಗೋಲ್ ಬಂತು, ಪೆನಾಲ್ಟಿಯಲ್ಲಿ. ಆ ದಿನ ಮೊದಲ ಪೆನಾಲ್ಟಿ ಹೊಡೆದದ್ದು ನಾಯಕ ಓಡೆಗಾರ್ಡ್. ಎರಡನೆಯದನ್ನು ಅವನಿಗೆ ಬಿಟ್ಟುಕೊಟ್ಟರು. ಗೋಲಾದ ಮೇಲೆ ಇಡೀ ತಂಡ ಅವನನ್ನು ಮುತ್ತಿಕೊಂಡಿತು. ಅಭಿಮಾನಿಗಳು ಅವನ ಬೆಲೆಯನ್ನೇ ಹಿಡಿದು ಹಾಡು ಕಟ್ಟಿದರು: ಅರವತ್ತು ಮಿಲಿಯನ್ ಚರಂಡಿ ಪಾಲಾಯ್ತು, ಹಾವರ್ಟ್ಜ್ ಮತ್ತೆ ಗೋಲ್ ಹೊಡೆದ ಅಂತ. ಗೇಲಿಯೂ ಹೌದು, ಮುದ್ದೂ ಹೌದು. ನಾನು ಮಾತ್ರ ಕರುಣೆಗೆ ಕೊಟ್ಟ ಪೆನಾಲ್ಟಿಗೆ ಅಂಕ ಇಲ್ಲ ಅಂತ ಬರೆದೆ. ಆದರೆ ಒಂದು ಪ್ರಶ್ನೆ ಕೊರೆಯಿತು. ದಿನಾ ಅಭ್ಯಾಸದಲ್ಲಿ ಅವನನ್ನು ನೋಡುವವರು ಇವರು. ಇಷ್ಟೊಂದು ಯಾಕೆ ಅವನ ಪರ ನಿಲ್ಲುತ್ತಿದ್ದಾರೆ? ನನಗೆ ಕಾಣದ್ದು ಇವರಿಗೇನೋ ಕಾಣುತ್ತಿದೆಯಾ?

ಮೂರನೆಯದಾಗಿ, ಪ್ರತಿ ಪುಟದಲ್ಲೂ ಒಂದು ಕಾಲಂ: "ಇವನಲ್ಲದಿದ್ದರೆ ಯಾರು?" ಇದನ್ನು ತುಂಬಿಸಲು ಹೋದರೆ ಬಾಯಿ ಮುಚ್ಚಿಹೋಗುತ್ತದೆ. ಫಾಬಿಯೊ ವಿಯೆರಾ, ಸ್ಮಿತ್ ರೋ, ಟ್ರೊಸಾರ್ಡ್. ಒಬ್ಬೊಬ್ಬರಿಗೂ ಒಂದೊಂದು ಕೊರತೆ. ಹತ್ತು ಕೋಟಿ ಪೌಂಡಿಗೂ ಮೇಲಿನ ಡೆಕ್ಲನ್ ರೈಸ್ ಆ ಜಾಗಕ್ಕೆ ಬರಬಹುದಿತ್ತು, ಆದರೆ ಆಗ ಅವನು ಹಿಂದೆ ಬೇಕಿತ್ತು. ಆದರೂ ಅಕ್ಟೋಬರ್ ಕೊನೆಗೆ ಪೆನ್ನಿನಲ್ಲೇ ತೀರ್ಪು ಬರೆದೆ: "ಜಾಗಕ್ಕೆ ಅರ್ಹನಲ್ಲ." ಗೆಳೆಯನಿಗೆ ಫೋಟೊ ಕಳಿಸಿದೆ. ಅವನ ಖುಷಿ ಹೇಳತೀರದು.

ನವೆಂಬರ್ 25. ಬ್ರೆಂಟ್‌ಫರ್ಡ್ ಮೈದಾನ. ನಮಗೆ ರಾತ್ರಿ ಹನ್ನೊಂದಕ್ಕೆ ಶುರು. ಬೆಂಚಿನಿಂದ ಎದ್ದು ಬಂದ ಹಾವರ್ಟ್ಜ್ 89ನೇ ನಿಮಿಷದಲ್ಲಿ ಬಲಗಡೆಯ ವಿಂಗರ್ ಸಾಕಾ ಹಾಕಿದ ಕ್ರಾಸ್‌ಗೆ ದೂರದ ಕಂಬದ ಹತ್ತಿರ ತಲೆ ಕೊಟ್ಟ. 1-0. ಹತ್ತು ದಿನಕ್ಕೆ ಲೂಟನ್‌ನಲ್ಲಿ 3-3 ಮಾಡಿದ ಗೋಲ್ ಕೂಡ ಅವನದೇ, ಆಮೇಲೆ ರೈಸ್ ಕೊನೇ ಗಳಿಗೆಯಲ್ಲಿ 4-3 ಮಾಡಿದ. ನಮಗೆ ಬೆಳಗಿನ ಜಾವ ಮೂರೂವರೆ ದಾಟಿತ್ತು. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಲೈಟ್ ಹಾಕಿದರು.

ಬರೆಯಲು ಕೂತರೆ ಪೇಚಾಟ. ನಾನು ಬರೆದಿಟ್ಟ ಕೆಲಸದ ಪಟ್ಟಿಯಲ್ಲಿ ಈ ಗೋಲುಗಳಿಗೆ ಜಾಗವೇ ಇರಲಿಲ್ಲ. ಎರಡೂ ಬಂದದ್ದು ಗೋಲಿನ ಬಾಯಲ್ಲಿ, ಅಪ್ಪಟ ಸ್ಟ್ರೈಕರ್ ನಿಲ್ಲುವ ಕಡೆ.

ಆಗ ನೆನಪಾದದ್ದು ನಮ್ಮ ತಾತ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ನನ್ನನ್ನು ಒಂದೆರಡು ಸಲ ಕರೆದುಕೊಂಡು ಹೋಗಿದ್ದರು. ಹಲ್ಲು ಎಣಿಸಿ, ಸುಳಿ ನೋಡಿ, ಟವೆಲ್ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ವ್ಯಾಪಾರ. ಎಲ್ಲ ಮುಗಿದ ಮೇಲೂ ಒಂದು ಪ್ರಶ್ನೆ ಬಿಡುತ್ತಿರಲಿಲ್ಲ: "ಎಡಕ್ಕೆ ಪಳಗಿದ್ದೋ, ಬಲಕ್ಕೋ?" ಎಡಕ್ಕೆ ಪಳಗಿದ ಎತ್ತನ್ನು ನೊಗದ ಬಲಗಡೆ ಕಟ್ಟಿದರೆ ಸಾಲು ಸೊಟ್ಟ. ಎತ್ತು ಕಳ್ಳ ಅಂತ ಬಾರುಕೋಲು ತೆಗೆದರೆ ಎತ್ತಿಗೂ ನೋವು, ಹೊಲವೂ ಹಾಳು. ನಾನು ಮೂರು ತಿಂಗಳು ಬಾರುಕೋಲು ಹಿಡಿದು ಕೂತಿದ್ದೆ. ಹೆಂಡತಿ ಕೇಳಿದ್ದೂ ಇದನ್ನೇ ಅಲ್ವಾ? ಅವನು ಮುಂದೆ ಓಡುತ್ತಿದ್ದ. ನಾನು ಅವನನ್ನು ಹಿಂದೆ ಹುಡುಕುತ್ತಿದ್ದೆ.

2024ರ ಫೆಬ್ರುವರಿ 4, ಲಿವರ್‌ಪೂಲ್ ಜೊತೆ ಪಂದ್ಯ. ನಮ್ಮ ಸ್ಟ್ರೈಕರ್ ಗೇಬ್ರಿಯಲ್ ಜೆಸೂಸ್ ಮಂಡಿ ನೋವಿನಿಂದ ಹೊರಗೆ. ಅರ್ಟೆಟಾ ಹಾವರ್ಟ್ಜ್‌ನನ್ನು ಮುಂದೆ ನಿಲ್ಲಿಸಿದರು. ಜೋರ್ಜಿನೊ ಹಿಂದೆ, ರೈಸ್ ಅವನ ಪಕ್ಕ. ನಾನು ಕೆಲಸದ ಕಾಲಂನಲ್ಲಿ ಮೊದಲ ಸಲ ಬೇರೆ ಬರೆದೆ: "ಸ್ಟ್ರೈಕರ್. ಉದ್ದ ಚೆಂಡಿಗೆ ತಲೆ ಕೊಡುವುದು, ಡಿಫೆಂಡರ್‌ಗಳನ್ನು ಎಳೆಯುವುದು, ಮೊದಲ ಪ್ರೆಸ್ (ಚೆಂಡಿರುವ ಎದುರಾಳಿಯ ಮೇಲೆ ಮೊದಲು ಬೀಳುವುದು)." 14ನೇ ನಿಮಿಷದಲ್ಲಿ ಅವನು ನುಗ್ಗಿ ಹೊಡೆದದ್ದನ್ನು ಗೋಲ್‌ಕೀಪರ್ ಅಲಿಸನ್ ತಡೆದ, ಪುಟಿದ ಚೆಂಡನ್ನು ಸಾಕಾ ಒಳಗೆ ತಳ್ಳಿದ. ಅಂಕಿಅಂಶದಲ್ಲಿ ಗೋಲ್ ಸಾಕಾನದು. ನನ್ನ ಪುಟದಲ್ಲಿ ಅರ್ಧ ಇವನದು. ಕೊನೆಯಲ್ಲಿ ಅವರ ಡಿಫೆಂಡರ್ ಕೊನಾಟೆ ಎರಡನೇ ಹಳದಿ ಕಾರ್ಡ್ ತಿಂದು ಹೊರಹೋದದ್ದೂ ಇವನನ್ನು ತಡೆಯಲು ಹೋಗಿಯೇ. 3-1ರಲ್ಲಿ ಗೆದ್ದೆವು. ಹಾವರ್ಟ್ಜ್ ಹೆಸರಿನ ಮುಂದೆ ಗೋಲ್ ಇಲ್ಲ. ಆದರೂ ಆ ಸೀಸನ್ನಿನಲ್ಲಿ ನಾನು ತುಂಬಿಸಿದ ಅತ್ಯಂತ ಉದ್ದದ ಪುಟ ಅದು.

ಮುಂದಿನದ್ದು ನಿಮಗೆ ಗೊತ್ತಿರಬಹುದು. ಬರ್ನ್‌ಲಿ, ನ್ಯೂಕಾಸಲ್, ಶೆಫೀಲ್ಡ್ ಯುನೈಟೆಡ್, ಬ್ರೆಂಟ್‌ಫರ್ಡ್: ಸಾಲಾಗಿ ನಾಲ್ಕು ಲೀಗ್ ಪಂದ್ಯಗಳಲ್ಲಿ ಗೋಲ್. ಬ್ರೆಂಟ್‌ಫರ್ಡ್ ಪುಟದಲ್ಲಿ ಮಾತ್ರ ಒಂದು ಕೆಂಪು ಗುರುತಿದೆ. 86ನೇ ನಿಮಿಷಕ್ಕೆ ಗೆಲುವಿನ ಹೆಡರ್ ಹಾಕಿದ, ನಿಜ. ಆದರೆ ಮೊದಲೇ ಹಳದಿ ಕಾರ್ಡ್ ಇದ್ದವನು ಪೆನಾಲ್ಟಿ ಕೇಳಿಕೊಂಡು ಬಿದ್ದಿದ್ದ. ಎರಡನೆಯದು ಬಂದಿದ್ದರೆ ಆ ಹೆಡರೇ ಇರುತ್ತಿರಲಿಲ್ಲ. ಅಭಿಮಾನಿ ಅಂತ ಅದನ್ನು ಮುಚ್ಚಿಡಬಾರದು.

ಏಪ್ರಿಲ್ 23ರಂದು ಚೆಲ್ಸಿ ಮೇಲೆ 5-0. ಅದರಲ್ಲಿ ಎರಡು ಹಾವರ್ಟ್ಜ್‌ನದು. ಗೆಳೆಯನ ಫೋನು ಎರಡು ದಿನ ಸ್ವಿಚ್ ಆಫ್.

ಸೀಸನ್ನಿನ ಕಡೇ ದಿನ ಎವರ್ಟನ್ ಮೇಲೆ 89ನೇ ನಿಮಿಷದಲ್ಲಿ ಗೆಲುವಿನ ಗೋಲ್ ಹೊಡೆದ. ಆದರೂ ಮ್ಯಾಂಚೆಸ್ಟರ್ ಸಿಟಿ 91 ಪಾಯಿಂಟ್, ನಾವು 89. ಕಪ್ ಸಿಗಲಿಲ್ಲ. ಲೀಗ್‌ನಲ್ಲಿ ಅವನ ಲೆಕ್ಕ 13 ಗೋಲ್, 7 ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಪಾಸ್).

ಆ ರಾತ್ರಿ ಚೀಟಿ ಕಿತ್ತೆ. ಕೆಳಗೆ 6.5 ಕೋಟಿ ಪೌಂಡ್ ಅಂತ ನನ್ನದೇ ಅಕ್ಷರ. ಅದರ ಪಕ್ಕ ಅಕ್ಟೋಬರ್‌ನ ತೀರ್ಪನ್ನು ಹೊಡೆದು ಹಾಕೋಣ ಅಂತ ಪೆನ್ನು ತೆಗೆದೆ. ಆಮೇಲೆ ಹಾಗೇ ಬಿಟ್ಟೆ. ಆ ತೀರ್ಪು ತಪ್ಪಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಜಾಕಾ ಜಾಗಕ್ಕೆ ಅವನು ಸರಿಯಿರಲಿಲ್ಲ. ಆಗ ಅಲ್ಲಿ ಅವನನ್ನು ಪಟ್ಟು ಹಿಡಿದು ಆಡಿಸಿದ್ದು ಕೋಚ್‌ನ ದೂರದೃಷ್ಟಿ ಅಂತ ಈಗ ಬರೆಯುವವರನ್ನು ನಾನು ಒಪ್ಪುವುದಿಲ್ಲ. ನಾಲ್ಕೈದು ತಿಂಗಳು ತಡವಾಗಿ ಅವನ ಜಾಗ ಸಿಕ್ಕಿತು, ಅಷ್ಟೇ. ಎರಡು ಪಾಯಿಂಟ್‌ನಲ್ಲಿ ಕಪ್ ತಪ್ಪಿದಾಗ ಆ ತಿಂಗಳುಗಳು ನೆನಪಾಗದೆ ಇರುತ್ತವಾ?

ನನ್ನ ನೋಟ್‌ಬುಕ್‌ಗೆ ಉತ್ತರ ಇಲ್ಲದ ಪ್ರಶ್ನೆಯೂ ಇದೆ. ಅಷ್ಟೇ ದುಡ್ಡಿಗೆ ಹುಟ್ಟಾ ಸ್ಟ್ರೈಕರ್ ಒಬ್ಬನನ್ನು ತಂದಿದ್ದರೆ? ಬಾರದವನ ಪುಟ ಬರೆಯುವುದು ಹೇಗೆ?

ಭಾನುವಾರದ ತಂಡದಲ್ಲಿ ಒಂದು ಬದಲಾವಣೆ ಮಾಡಿದೆ. ಟರ್ಫ್ ಬಾಡಿಗೆಯ ಪುಣ್ಯಾತ್ಮನನ್ನು ಎಡ ಡಿಫೆನ್ಸ್‌ಗೆ ಹಾಕಿದೆ. ಎರಡು ವಾರ ಮುನಿಸಿಕೊಂಡಿದ್ದ. ಈಗ ಅವನನ್ನು ದಾಟಿ ಹೋಗುವುದು ಸುಲಭವಿಲ್ಲ. ಬಾಡಿಗೆ ಈಗಲೂ ಅವನೇ ಕಟ್ಟುತ್ತಾನೆ, ದೇವರು ಒಳ್ಳೇದು ಮಾಡಲಿ.

2025ರ ಫೆಬ್ರುವರಿಯಲ್ಲಿ ದುಬೈ ಅಭ್ಯಾಸ ಶಿಬಿರದಲ್ಲಿ ಹಾವರ್ಟ್ಜ್‌ನ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಆ ಸೀಸನ್ ಅವನಿಗೆ ಮುಗಿದೇ ಹೋಯಿತು ಅಂತ ಸುದ್ದಿ ಬಂತು. ಸ್ಟ್ರೈಕರೇ ಇಲ್ಲದೆ ಮಿಡ್‌ಫೀಲ್ಡರ್ ಮೆರಿನೊನನ್ನು ಮುಂದಕ್ಕೆ ತಳ್ಳಿದರು. ಅವನು ಲೆಸ್ಟರ್ ಮೇಲೆ ಎರಡು ಗೋಲ್ ಹೊಡೆದು ಮಾನ ಉಳಿಸಿದ. ನನ್ನ ಕಣ್ಣು ಮಾತ್ರ ಹಳೇ ಚಾಳಿ ಬಿಡಲಿಲ್ಲ. ಗೋಲ್‌ಕೀಪರ್ ರಾಯಾ ಉದ್ದಕ್ಕೆ ಒದ್ದ ಚೆಂಡು ಎಲ್ಲಿ ಇಳಿಯುತ್ತದೆ, ಅಲ್ಲಿ ಯಾರು ಜಿಗಿಯುತ್ತಾರೆ ಅಂತಲೇ ನೋಡುತ್ತಿದ್ದೆ. 29 ನಂಬರ್ ಕಾಣುತ್ತಿರಲಿಲ್ಲ.

ಅದೇ ವಾರ ಗೆಳೆಯ ಮೆಸೇಜು ಹಾಕಿದ: "ಹೇಳು ಈಗ. 65 ಮಿಲಿಯನ್ ಜಾಸ್ತಿನಾ, ಕಮ್ಮಿನಾ?"

"ಎಲ್ಲಿ ಆಡಿಸ್ತೀಯ ಅದನ್ನ ಮೊದ್ಲು ಹೇಳು," ಅಂತ ಬರೆದೆ.