ಜೀನ್ ಪಟ್ಟಿಗೆ ಕ್ರೋಮೋಸೋಮ್ ಹೊಂದಿಸುವಾಗ

ಯಾವ ಜೀನ್ ಯಾವ ಕ್ರೋಮೋಸೋಮಿನಲ್ಲಿದೆ ಎಂದು ಗುರುತಿಸಲು ಯಾರಾದರೂ ಜೀನ್‌ಗಳ ಪಟ್ಟಿ ಕೊಟ್ಟರೆ ನಾನು ಮೊದಲು ಕೇಳುವುದು, ಇದನ್ನು ಎಕ್ಸೆಲ್‌ನಲ್ಲಿ ತೆರೆದಿದ್ದಿರಾ ಎಂದು. ಹೌದೆಂದರೆ ಮೂಲ ಫೈಲನ್ನೇ ತರಿಸಿಕೊಳ್ಳುತ್ತೇನೆ. ಮಾರ್ಚ್1 (MARCH1), ಮಾರ್ಕ್1 (MARC1) ಎಂಬ ಹಳೆಯ ಜೀನ್ ಹೆಸರುಗಳೆರಡನ್ನೂ ಎಕ್ಸೆಲ್ ಮಾರ್ಚ್ 1ನೇ ತಾರೀಖು ಮಾಡಿಬಿಡುತ್ತದೆ. ಮೊದಲನೆಯದು 4ನೇ ಕ್ರೋಮೋಸೋಮಿನದು, ಎರಡನೆಯದು 1ನೆಯದರದು. ತಾರೀಖಾದ ಮೇಲೆ ಯಾವುದು ಯಾವುದೆಂದು ಬ್ರಹ್ಮನೂ ಹೇಳಲಾರ. ಮಾನವ ಜೀನ್‌ಗಳಿಗೆ ಅಧಿಕೃತ ಹೆಸರಿಡುವ ಸಮಿತಿ ಎಚ್‌ಜಿಎನ್‌ಸಿ ಇವಕ್ಕೆ ಹೊಸ ಹೆಸರು ಕೊಟ್ಟಿದೆ, ಆದರೆ ಹಳೆಯ ಪಟ್ಟಿಗಳು ಇನ್ನೂ ಓಡಾಡುತ್ತಲೇ ಇವೆ.

ಎಚ್‌ಜಿಎನ್‌ಸಿಯ ಪೂರ್ತಿ ಪಟ್ಟಿ ಇಳಿಸಿಕೊಂಡು ಮೊದಲು ಈಗಿನ ಅಧಿಕೃತ ಹೆಸರಿನ ಜೊತೆ ಮಾತ್ರ ತಾಳೆ ನೋಡುತ್ತೇನೆ. ಸಿಗದೆ ಉಳಿದದ್ದನ್ನು ಹಿಂದಿನ ಹೆಸರುಗಳಲ್ಲಿ, ಕೊನೆಗೆ ಅಡ್ಡಹೆಸರುಗಳಲ್ಲಿ ಹುಡುಕುವುದು. ಮೂರನ್ನೂ ಒಟ್ಟಿಗೆ ಹುಡುಕಿದರೆ ಕೆಟ್ಟಿತು. ಪಿಡಿ1 ಎಂಬ ಅಡ್ಡಹೆಸರು 2ನೇ ಕ್ರೋಮೋಸೋಮಿನ ಪಿಡಿಸಿಡಿ1ಗೂ ಇದೆ, 4ನೆಯದರ ಎಸ್‌ಎನ್‌ಸಿಎಗೂ ಇದೆ. ಎಂಎಲ್‌ಎಲ್2 ಇನ್ನೂ ದೊಡ್ಡ ತಲೆನೋವು: ಕೆಲವು ಲೇಖನಗಳಲ್ಲಿ ಅದು 12ರ ಕೆಎಂಟಿ2ಡಿ, ಕೆಲವದರಲ್ಲಿ 19ರ ಕೆಎಂಟಿ2ಬಿ. ಇಂಥ ಸಾಲುಗಳನ್ನು ಪಕ್ಕಕ್ಕಿಟ್ಟು, ಲೇಖನದಲ್ಲಿರುವ ಪ್ರೈಮರ್ (ಜೀನನ್ನು ಗುರುತಿಸಲು ಬಳಸಿದ ಚಿಕ್ಕ ಡಿಎನ್‌ಎ ತುಂಡು) ಅನುಕ್ರಮವನ್ನೋ ಪ್ರೋಟೀನ್ ಸಂಖ್ಯೆಯನ್ನೋ ನೋಡಿ ಕೈಯಾರೆ ತೀರ್ಮಾನಿಸಬೇಕು. ಸ್ಕ್ರಿಪ್ಟ್‌ಗೆ ಬಿಡುವ ಕೆಲಸವಲ್ಲ. ತಾಳೆಯಾದ ಪ್ರತಿ ಸಾಲಿಗೂ ಎಚ್‌ಜಿಎನ್‌ಸಿ ಸಂಖ್ಯೆ ಹಾಕಿ, ಅಲ್ಲಿಂದ ಮುಂದೆ ಹೆಸರನ್ನು ಮುಟ್ಟುವುದಿಲ್ಲ.

ಎಚ್‌ಜಿಎನ್‌ಸಿ ಪಟ್ಟಿಯ ಸ್ಥಾನದ ಕಾಲಂನಲ್ಲಿ ‘17ಕ್ಯೂ21.31’ (17q21.31) ಎಂದಿದ್ದರೆ, ಕ್ರೋಮೋಸೋಮಿನ ತೋಳು ಹೇಳುವ ಪಿ ಅಥವಾ ಕ್ಯೂ ಅಕ್ಷರಕ್ಕೆ ಮೊದಲಿರುವ 17 ಅನ್ನು ಕತ್ತರಿಸಿಕೊಂಡರೆ ಆಯಿತು. ಆದರೆ ಶಾಕ್ಸ್ ಜೀನ್ ಎಕ್ಸ್, ವೈ ಎರಡರ ತುದಿಯಲ್ಲೂ ಇದೆ. ಹಾಗೆ ಕತ್ತರಿಸಿದರೆ ವೈ ಹಾರಿಹೋಗುತ್ತದೆ. ಮಾನವ ಜೀನೋಮಿನ ಆಧಾರ ಜೋಡಣೆಯ ಆವೃತ್ತಿಯಾದ ಜಿಆರ್‌ಸಿಎಚ್38ರಲ್ಲಿ, ಎಕ್ಸ್, ವೈ ಎರಡಕ್ಕೂ ಸಮಾನವಾದ ಈ ತುದಿಯ ಭಾಗ ಎರಡೂ ಕ್ರೋಮೋಸೋಮುಗಳಲ್ಲಿ 10,001ರಿಂದ 27,81,479ರವರೆಗೆ. ಅಲ್ಲಿನ ಜೀನ್‌ಗಳಿಗೆ ಎರಡು ಸಾಲು ಇಡುತ್ತೇನೆ.

ಜಿಎಸ್‌ಟಿಟಿ1 ಕಥೆ ಬೇರೆ. ಅದು 22ನೇ ಕ್ರೋಮೋಸೋಮಿನದೇ. ಆದರೆ ಈ ಜೀನ್ ಪೂರ್ತಿ ಇಲ್ಲದವರು ಬಹಳ ಜನ. ಜಿಆರ್‌ಸಿಎಚ್38ರ ಮುಖ್ಯ ಜೋಡಣೆಯಲ್ಲಿ ಬಂದಿರುವುದೂ ಅದಿಲ್ಲದ ರೂಪವೇ. ಜೀನ್ ಇರುವುದು ಮುಖ್ಯ ಜೋಡಣೆಯ ಹೊರಗೆ ಬೇರೆಯಾಗಿ ಇಟ್ಟಿರುವ ಪರ್ಯಾಯ ತುಣುಕಿನಲ್ಲಿ. ಜೀನ್ ಮಾಹಿತಿ ಇಳಿಸಿಕೊಳ್ಳುವ ಸಾಧನವಾದ ಬಯೋಮಾರ್ಟ್‌ನಲ್ಲಿ 1ರಿಂದ 22, ಎಕ್ಸ್, ವೈ, ಎಂಟಿ (ಮೈಟೊಕಾಂಡ್ರಿಯದ ಡಿಎನ್‌ಎ) ಎಂದು ಸೋಸಿದ ಕೂಡಲೇ ಮಾಯವಾಗುತ್ತದೆ. ಸೋಸದಿದ್ದರೆ ಪರ್ಯಾಯ ತುಣುಕುಗಳಲ್ಲೂ ಇರುವ ಎಚ್‌ಎಲ್‌ಎ-ಎ ಥರದ ಜೀನ್‌ಗಳು ಹಲವು ಸಾಲುಗಳಾಗಿ ಬಂದು ಎಣಿಕೆ ಕೆಡಿಸುತ್ತವೆ. ಹಾಗಾಗಿ ಸೋಸಿಯೇ ತೆಗೆದು, ಬಿಟ್ಟುಹೋದವನ್ನು ಎಚ್‌ಜಿಎನ್‌ಸಿ ಸ್ಥಾನದಿಂದ ತುಂಬುತ್ತೇನೆ.

ಕ್ರೋಮೋಸೋಮಿನೊಳಗಿನ ನಿಖರ ಜಾಗ ಹೇಳುವ ನಿರ್ದೇಶಾಂಕವೂ ಬೇಕಿದ್ದರೆ ಬಿಆರ್‌ಸಿಎ1 ಸಾಲು ನೋಡಿ. ಆರಂಭ 4,11,96,312 ಎಂದಿದ್ದರೆ ಫೈಲು ಹಿಂದಿನ ಆವೃತ್ತಿಯಾದ ಜಿಆರ್‌ಸಿಎಚ್37ರದು, 4,30,44,295 ಎಂದಿದ್ದರೆ ಜಿಆರ್‌ಸಿಎಚ್38ರದು. ಎರಡರಲ್ಲೂ ಕ್ರೋಮೋಸೋಮ್ 17 ಎಂದೇ ಇರುವುದರಿಂದ ಬೆರೆತರೂ ಯಾವ ಸಾಫ್ಟ್‌ವೇರೂ ತಕರಾರು ಎತ್ತುವುದಿಲ್ಲ.