ಎಂಟು ಪಟ್ಟು ದೊಡ್ಡದು, ಅರವತ್ತನಾಲ್ಕರಲ್ಲಿ ಒಂದು ಪಾಲು

ಮಲೆನಾಡಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ನನ್ನ ಕಣ್ಣಿನ ಕಾಯಿಲೆಗೆ ಹೆಸರು ಸಿಕ್ಕಾಗ ನನಗೆ ಹತ್ತೊಂಬತ್ತು ವರ್ಷ. ಸ್ಟಾರ್ಗಾರ್ಟ್ ಎಂಬುದು 1909ರಲ್ಲಿ ಅದನ್ನು ವಿವರಿಸಿದ ಜರ್ಮನ್ ವೈದ್ಯನ ಹೆಸರು. ಅಕ್ಷಿಪಟಲದ ನಟ್ಟನಡುವಿನ ಭಾಗ ಸವೆಯುತ್ತ ಹೋಗುತ್ತದೆ, ಅಂಚು ಉಳಿಯುತ್ತದೆ. ಅಂಗಳದಾಚೆ ಓಡುವ ಕೋಳಿ ಕಾಣುತ್ತದೆ, ಕೈಯಲ್ಲೇ ಇರುವ ರಸೀದಿ ಕಾಣುವುದಿಲ್ಲ. ಎದುರಿಗೆ ಕುಳಿತವರ ಮುಖ ಬೇಕಾದರೆ ಅವರ ಕಿವಿಯಾಚೆ ನೋಡಬೇಕು. ಯಾರನ್ನು ಕಡೆಗಣಿಸಬಾರದೋ ಅವರನ್ನೇ ಕಡೆಗಣ್ಣಿನಿಂದ ನೋಡುವ ಬದುಕು ಇದು. ಕನ್ನಡಕದಿಂದ ಉಪಯೋಗವಿಲ್ಲ. ನನ್ನ ದೃಷ್ಟಿ 6/60. ಬೇರೆಯವರು ಅರವತ್ತು ಮೀಟರ್ ದೂರದಿಂದ ಓದುವುದನ್ನು ನಾನು ಆರು ಮೀಟರಿಗೆ ಬಂದು ಓದಬೇಕು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಉಪಾಯ, ದೊಡ್ಡದು ಮಾಡುವುದು. ವಿಂಡೋಸ್ ಗುಂಡಿಯ ಜೊತೆ ಪ್ಲಸ್ ಒತ್ತಿದರೆ ಮ್ಯಾಗ್ನಿಫೈಯರ್ ತೆರೆಯುತ್ತದೆ. ಒತ್ತುತ್ತ ಹೋದರೆ ಹದಿನಾರು ಪಟ್ಟಿನವರೆಗೂ ಹಿಗ್ಗುತ್ತದೆ. ಮೊದಲ ವರ್ಷ ಎರಡು ಪಟ್ಟು ಸಾಕಾಗಿತ್ತು. ಆಮೇಲೆ ನಾಲ್ಕು. ಕೊನೆಗೆ ಎಂಟು. ಕಂಟ್ರೋಲ್, ಆಲ್ಟ್, ಐ ಮೂರನ್ನೂ ಒಟ್ಟಿಗೆ ಒತ್ತಿ ಬಣ್ಣ ತಿರುಗಿಸಿಕೊಂಡರೆ ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ ಬರುತ್ತದೆ. ಬಿಳಿ ಪರದೆ ನನ್ನಂಥವರಿಗೆ ಮಧ್ಯಾಹ್ನದ ಬಿಸಿಲಿಗೆ ಮುಖ ಕೊಟ್ಟ ಹಾಗೆ.

ಹಿಗ್ಗಿಸುವುದರಲ್ಲಿ ಒಂದು ಲೆಕ್ಕವಿದೆ. ಲೆಕ್ಕ ಬರೆಯುವವಳಾಗಿಯೂ ಅದು ನನಗೆ ಹೊಳೆದದ್ದು ತಡವಾಗಿ. ಎರಡು ಪಟ್ಟು ಹಿಗ್ಗಿಸಿದರೆ ಪರದೆಯ ಕಾಲು ಭಾಗ ಮಾತ್ರ ಕಣ್ಣೆದುರು ಉಳಿಯುತ್ತದೆ. ನಾಲ್ಕು ಪಟ್ಟಿಗೆ ಹದಿನಾರರಲ್ಲಿ ಒಂದು ಪಾಲು. ಎಂಟು ಪಟ್ಟಿಗೆ ಅರವತ್ತನಾಲ್ಕರಲ್ಲಿ ಒಂದು. ಎಕ್ಸೆಲ್ ಹಾಳೆಯಲ್ಲಿ ಮೊತ್ತ ಕಾಣುತ್ತದೆ, ಅದು ಯಾರದ್ದು ಎಂಬುದು ಎಲ್ಲೋ ಎಡಗಡೆ ಪರದೆಯಾಚೆ ಇರುತ್ತದೆ. ಹೆಸರು ಓದಿ, ಮೌಸ್ ಎಳೆದು, ಅದೇ ಸಾಲಿನಲ್ಲಿ ಬಲಕ್ಕೆ ಹೋಗಬೇಕು. ಒಂದು ಸಲ ಕೈ ಜಾರಿತು. ಒಬ್ಬರ ಠೇವಣಿ ಕೆಳಗಿನ ಸಾಲಿನವರ ಹೆಸರಿಗೆ ಜಮೆಯಾಯಿತು. ತಿಂಗಳ ಕೊನೆಗೆ ತಾಳೆ ನೋಡುವಾಗ ಒಟ್ಟು ಮೊತ್ತ ಸರಿಯಾಗಿಯೇ ಇತ್ತು. ಅದಕ್ಕೇ ತಪ್ಪು ಸಿಕ್ಕಲಿಲ್ಲ. ಪಾಸ್‌ಬುಕ್ ಹಿಡಿದು ಬಂದ ಸದಸ್ಯರೇ ಅದನ್ನು ತೋರಿಸಿಕೊಟ್ಟರು. ಅವರು ಬೈಯಲಿಲ್ಲ, "ಪಾಪ, ಕಣ್ಣು ಕಾಣುವುದಿಲ್ಲವಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಪರದೆಯ ಮೇಲಿರುವುದನ್ನು ಓದಿ ಹೇಳುವ, ಮಾತನಾಡುವ ತಂತ್ರಾಂಶದ ಬಗ್ಗೆ ಅಷ್ಟರಲ್ಲಿ ಗೊತ್ತಿಲ್ಲದೇ ಇರಲಿಲ್ಲ. ಆದರೆ ಅದು ಪೂರ್ತಿ ಕಾಣದವರಿಗೆ, ನನಗಲ್ಲ ಎಂದುಕೊಂಡಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೂಡ ಅಂಧತ್ವವನ್ನೂ ಮಂದದೃಷ್ಟಿಯನ್ನೂ ಬೇರೆ ಮಾಡಿಯೇ ಹೇಳುತ್ತದೆ. ಒಳ್ಳೆಯ ಕಣ್ಣಿನ ದೃಷ್ಟಿ 3/60ಕ್ಕಿಂತ ಕೆಳಗಿಳಿದರೆ ಅಂಧತ್ವ. ಅದರ ಮೇಲೆ, 6/18ರವರೆಗೆ, ಮಂದದೃಷ್ಟಿ. ನನ್ನ ಪ್ರಮಾಣಪತ್ರದಲ್ಲಿ ಇರುವುದು ಎರಡನೆಯ ಪದ. ಆ ಪದವನ್ನು ನಾನು ಹಿಡಿದುಕೊಂಡ ರೀತಿ ನೋಡಿದ್ದರೆ ಅದೇನು ಪದವಿಯೋ ಎಂದು ಜನ ಕೇಳುತ್ತಿದ್ದರು. ಮೂಗನ್ನು ಪರದೆಗೆ ತಾಗಿಸಿ, ಕುತ್ತಿಗೆ ನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ಇನ್ನೂ ಎರಡು ವರ್ಷ ಹಾಗೆಯೇ ಕಳೆದೆ.

ಕಡೆಗೆ ಪೆನ್‌ಡ್ರೈವಿನಲ್ಲಿ ಎನ್‌ವಿಡಿಎ ತಂದುಕೊಂಡೆ. ಕಣ್ಣು ಕಾಣದ ಮೈಕೆಲ್ ಕರನ್ ಎಂಬವರು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭಿಸಿದ ಮಾತನಾಡುವ ತಂತ್ರಾಂಶ ಇದು. ಹಣ ಕೊಡಬೇಕಾಗಿಲ್ಲ, ಗಣಕದೊಳಗೆ ಅನುಸ್ಥಾಪಿಸದೆ ಪೆನ್‌ಡ್ರೈವಿನಿಂದಲೇ ನಡೆಸಬಹುದು. ಹಿಗ್ಗಿಸುವುದನ್ನೂ ಮಾತನ್ನೂ ಒಟ್ಟಿಗೆ ಕೊಡುವ ಜೂಮ್‌ಟೆಕ್ಸ್ಟ್‌ನಂಥವು ಇವೆ, ಅಕ್ಷರದ ಅಂಚನ್ನೂ ನಯವಾಗಿ ತೋರಿಸುತ್ತವೆ, ಆದರೆ ಅವುಗಳ ಬೆಲೆ ನನ್ನ ಸಂಬಳಕ್ಕೆ ಹೊಂದುವಂಥದ್ದಲ್ಲ.

ಮೊದಲ ದಿನ ಅದು ಒಂದೇ ಸಮನೆ ಬಡಬಡಿಸಿತು. ಕಂಟ್ರೋಲ್ ಗುಂಡಿ ಒತ್ತಿದರೆ ಬಾಯಿ ಮುಚ್ಚುತ್ತದೆ ಎಂದು ತಿಳಿಯಲು ಅರ್ಧ ದಿನ ಹಿಡಿಯಿತು. ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಗುಂಡಿಯೇ ಅದು. ಎರಡನೆಯದು ಇನ್ಸರ್ಟ್ ಜೊತೆ 1. ಆಗ ಯಾವ ಗುಂಡಿ ಒತ್ತಿದರೂ ಕೆಲಸ ನಡೆಯುವುದಿಲ್ಲ, ಆ ಗುಂಡಿಯ ಹೆಸರನ್ನಷ್ಟೇ ಹೇಳುತ್ತದೆ. ಭಯವಿಲ್ಲದೆ ಕೀಲಿಮಣೆ ತಡಕಬಹುದು. ಕಣ್ಣು ಮಾತ್ರ ಬಿಡಲೊಲ್ಲದು. ಕಿವಿ ಕೇಳುತ್ತಿದ್ದರೂ ಅದು ಪರದೆಯಲ್ಲಿ ಹುಡುಕುತ್ತಲೇ ಇರುತ್ತದೆ, ಎರಡೂ ಬೇರೆ ಬೇರೆ ಸಾಲಿನಲ್ಲಿ ಇದ್ದಾಗ ತಲೆ ಸುತ್ತುತ್ತದೆ. ಹಾಗಾಗಿ ಒಂದು ವಾರ ಮಾನಿಟರನ್ನೇ ಆರಿಸಿ ಕೆಲಸ ಮಾಡಿದೆ. ಆ ವಾರ ಕಲಿತಷ್ಟನ್ನು ಮುಂದಿನ ಆರು ತಿಂಗಳಲ್ಲಿ ಕಲಿಯಲಿಲ್ಲ.

ಸಾಲು ತಪ್ಪಿದ ಠೇವಣಿಗೆ ಮದ್ದು ಸಿಕ್ಕಿದ್ದೂ ಇಲ್ಲಿಯೇ. ಎಕ್ಸೆಲ್‌ನಲ್ಲಿ ಕಂಬಸಾಲುಗಳ ಶೀರ್ಷಿಕೆ ಇರುವಲ್ಲಿ ನಿಂತು ಇನ್ಸರ್ಟ್, ಶಿಫ್ಟ್, ಸಿ ಒತ್ತಬೇಕು. ಸದಸ್ಯರ ಹೆಸರುಗಳಿರುವಲ್ಲಿ ಸಿ ಬದಲು ಆರ್. ಆಮೇಲೆ ಹಾಳೆಯ ಯಾವ ಸಾಲಿಗೆ, ಯಾವ ಕಂಬಕ್ಕೆ ಸರಿದರೂ ಮೊತ್ತಕ್ಕೆ ಮೊದಲು ಹೆಸರನ್ನೋ ಶೀರ್ಷಿಕೆಯನ್ನೋ ಹೇಳುತ್ತದೆ. ಅರವತ್ತನಾಲ್ಕರಲ್ಲಿ ಒಂದು ಪಾಲು ನೋಡುತ್ತಿದ್ದವಳಿಗೆ ಇಡೀ ಹಾಳೆ ವಾಪಸು ಬಂದಿತು. ಅಂಕಿಗಳಲ್ಲಿ ಮಾತ್ರ ಹುಷಾರಾಗಿರಬೇಕು. ಲಕ್ಷಕ್ಕೆ ನಾವು ಹಾಕುವ ಅಲ್ಪವಿರಾಮ ಕೆಲವು ಇಂಗ್ಲಿಷ್ ಧ್ವನಿಗಳಿಗೆ ಅರ್ಥವಾಗುವುದಿಲ್ಲ. 1,25,000 ಎಂಬುದು ಒಂದು, ಇಪ್ಪತ್ತೈದು, ಸೊನ್ನೆ ಸೊನ್ನೆ ಸೊನ್ನೆ ಎಂದು ಚೂರುಚೂರಾಗಿ ಬೀಳುತ್ತದೆ. ದೊಡ್ಡ ಮೊತ್ತವನ್ನು ನಾನು ಈಗಲೂ ಹಿಗ್ಗಿಸಿ ಕಣ್ಣಿನಿಂದ ನೋಡಿಯೇ ಮುಂದೆ ಹೋಗುತ್ತೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನನ್ನಲ್ಲಿ ತಿರುಗುಮುರುಗಾಗಿದೆ: ಕೇಳಿದ್ದಕ್ಕೆ ಕಣ್ಣು ಸಾಕ್ಷಿ.

ಕನ್ನಡದ್ದು ಬೇರೆಯೇ ಕತೆ. ನಮ್ಮ ಲಿಪಿ ದುಂಡಗಿದೆ, ಚಂದವಿದೆ ಎಂದು ಹೊಗಳುವವರು ಅದನ್ನು ಮಂದದೃಷ್ಟಿಯಲ್ಲಿ ಓದಿ ನೋಡಬೇಕು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸೀಳು. ಪ, ಷ, ಫ ಮೂರೂ ಒಂದೇ ತಾಯಿಯ ಮಕ್ಕಳು. ವ ಮತ್ತು ಮ ನಡುವೆ ಬಲಗಡೆಯ ಒಂದು ಕೊಂಬು. ಒತ್ತಕ್ಷರ ಸಾಲಿನ ಕೆಳಗೆ ಪುಟ್ಟದಾಗಿ ಕೂರುತ್ತದೆ. ಒತ್ತು ಓದಲಾಗುವಷ್ಟು ಹಿಗ್ಗಿಸಿದರೆ ಮೇಲಿನ ಅಕ್ಷರ ಗೋಡೆಯಷ್ಟಾಗುತ್ತದೆ.

ಸರಿ, ಅದನ್ನು ಕಿವಿಗೆ ಬಿಡೋಣ ಎಂದರೆ ಇನ್ನೊಂದು ಪೇಚು. ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡ ಗೊತ್ತಿದೆ, ನಡುನಡುವೆ ಬರುವ ಇಂಗ್ಲಿಷನ್ನೂ ಓದಿಕೊಂಡು ಹೋಗುತ್ತದೆ. ತಗಡಿನ ಡಬ್ಬಿಯೊಳಗಿಂದ ಮಾತನಾಡಿದಂತಿರುತ್ತದೆ, ವೇಗ ಹೆಚ್ಚಿಸಿದರೂ ಪದ ಕಲಸಿಹೋಗುವುದಿಲ್ಲ ಎಂಬುದೇ ಅದರ ಗುಣ. ಆದರೆ ವೇಗದಲ್ಲಿ ಮಹಾಪ್ರಾಣದ ಉಸಿರು ನನ್ನ ಕಿವಿಗೆ ಬೀಳುವುದಿಲ್ಲ. ಅಂದರೆ ಕಣ್ಣು ಬಿಟ್ಟುಬಿಡುವುದೂ ಧ, ಕಿವಿ ಬಿಟ್ಟುಬಿಡುವುದೂ ಧ! ಎರಡು ಬಲೆಗಳಿಗೂ ಒಂದೇ ಕಡೆ ತೂತು. ಎರಡು ವರ್ಷಗಳ ಹಿಂದೆ ಸರ್ವ ಸದಸ್ಯರ ಸಭೆಯ ನಡಾವಳಿಯಲ್ಲಿ "ಸಾಧಾರಣ" ಎಲ್ಲ ಕಡೆಯೂ "ಸಾದಾರಣ" ಆಗಿತ್ತು. ಈಗ ಅನುಮಾನ ಬಂದ ಪದದ ಮೇಲೆ ನಿಂತು, ನಮ್ ಲಾಕ್ ಆರಿಸಿ, ಬಲಗಡೆಯ ಅಂಕಿಗಳ ನಡುವಿನ 5ನ್ನು ಎರಡು ಸಲ ಒತ್ತುತ್ತೇನೆ. ಪದವನ್ನು ಬಿಡಿಬಿಡಿಯಾಗಿ ಹೇಳುತ್ತದೆ. ಆ 5ರ ಮೇಲೆ ಬೆರಳಿಗೆ ತಾಗುವ ಒಂದು ಗುಬುಟು ಇರುತ್ತದೆ, ಹುಡುಕಬೇಕಾಗಿಲ್ಲ. ಅಳಿಸುವಾಗಲೂ ತಾಳ್ಮೆ ಬೇಕು. ಕಣ್ಣಿಗೆ ಒಂದೇ ಅಕ್ಷರವಾಗಿರುವ "ಸ್ತ್ರೀ" ಗಣಕದ ಲೆಕ್ಕದಲ್ಲಿ ಆರು ಸಂಕೇತ, ಬ್ಯಾಕ್‌ಸ್ಪೇಸ್ ಆರು ಸಲ.

ಇವೆಲ್ಲ ಯೂನಿಕೋಡ್ ಕನ್ನಡದ, ಅಂದರೆ ಕನ್ನಡದ ಅಕ್ಷರಗಳಿಗೆ ಗಣಕದಲ್ಲಿ ತಮ್ಮದೇ ಸಂಕೇತವಿರುವ ಬರಹದ ಕಷ್ಟಗಳು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬಂದ ಕಡತಗಳದ್ದು ಕಷ್ಟವಲ್ಲ, ಗೋಡೆ. ಅವುಗಳಲ್ಲಿ ಕನ್ನಡದ ಆಕಾರವನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂರಿಸಲಾಗಿದೆ. ಕಣ್ಣಿಗೆ ಕನ್ನಡ, ಗಣಕಕ್ಕೆ ಅಲ್ಲ. ಹಳೆಯ ನುಡಿಯಲ್ಲಿ "ಕನ್ನಡ" ಎಂದು ಬರೆದದ್ದನ್ನು ಬಿಡಿಸಿ ಕೇಳಿದರೆ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡ್ ಗುರುತು ಎಂದು ಶುರುವಾಗುತ್ತದೆ. ಇಂಗ್ಲೆಂಡಿನ ನಾಣ್ಯ ನಮ್ಮ ಭಾಷೆಯ ಹೆಸರಿನೊಳಗೆ ಹೊಕ್ಕು ಕುಳಿತಿದೆ ಎಂದು ನನಗೆ ಗೊತ್ತಾದದ್ದು ಹೀಗೆ. ಅಂಥ ಸುತ್ತೋಲೆ ಬಂದರೆ ಮೊದಲು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳುತ್ತೇನೆ. ಪಿಡಿಎಫ್ ಆಗಿದ್ದರೆ ನಕಲು ಮಾಡುವಾಗಲೇ ಅರ್ಧ ಕೆಟ್ಟಿರುತ್ತದೆ. ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳುಹಿಸಿದ್ದಾದರೆ ಅದು ಬರೀ ಚಿತ್ರ. ಪಕ್ಕದ ಮೇಜಿನವರೇ ಗತಿ. ಕಳುಹಿಸುವವರಿಗೆ ಪತ್ರದ ಕೊನೆಗೆ ಒಂದು ಸಾಲು ಸೇರಿಸುತ್ತ ಬಂದಿದ್ದೇನೆ, ದಯವಿಟ್ಟು ಯೂನಿಕೋಡ್‌ನಲ್ಲಿ ಕಳುಹಿಸಿ ಎಂದು. ಮೂವರು ಬದಲಾಯಿಸಿದ್ದಾರೆ.

ಈಗಿನ ನನ್ನ ವ್ಯವಸ್ಥೆ ಹೀಗಿದೆ. ಬ್ರೌಸರಿನಲ್ಲಿ ಮ್ಯಾಗ್ನಿಫೈಯರ್ ಬಳಸುವುದಿಲ್ಲ, ಕಂಟ್ರೋಲ್ ಮತ್ತು ಪ್ಲಸ್. ಬಹುತೇಕ ಪುಟಗಳಲ್ಲಿ ಸಾಲು ಪರದೆಯ ಅಗಲಕ್ಕೆ ತಾನೇ ಮುರಿದುಕೊಳ್ಳುತ್ತದೆ, ಬಲಕ್ಕೆ ಎಳೆದಾಡುವ ಕೆಲಸವಿಲ್ಲ. ಮ್ಯಾಗ್ನಿಫೈಯರ್ ಮೂರು ಪಟ್ಟಿಗೆ ಇಳಿದಿದೆ, ಕೀಲಿಮಣೆಯನ್ನು ಹಿಂಬಾಲಿಸುವಂತೆ ಮಾಡಿಟ್ಟಿದ್ದೇನೆ. ಮಾತು ಎಲ್ಲಿದೆಯೋ ಚಿತ್ರ ಅಲ್ಲಿಗೆ ಬರುತ್ತದೆ. ಇಯರ್‌ಫೋನ್ ಎಡಗಿವಿಗೆ ಮಾತ್ರ, ಬಲಗಿವಿ ಕೌಂಟರಿಗೆ. ಉದ್ದದ್ದೆಲ್ಲ ಕಿವಿಗೆ, ಸಹಿ, ಮುದ್ರೆ, ನಕಾಶೆ ಕಣ್ಣಿಗೆ. ಕೈಬರಹದ ವೋಚರುಗಳನ್ನು ಮಾತ್ರ ಎರಡಕ್ಕೂ ಒಪ್ಪಿಸಲಾಗಿಲ್ಲ.

ಸಂಜೆ ಕಣ್ಣು ಉರಿಯುವ ಹೊತ್ತಿಗೆ ಮಾನಿಟರ್ ಆರಿಸಿಬಿಡುತ್ತೇನೆ. ಕಳೆದ ಮಾರ್ಚ್ ಕೊನೆಯಲ್ಲಿ ವರ್ಷದ ಲೆಕ್ಕ ಮುಗಿಸುತ್ತ ಹಾಗೆಯೇ ಕುಳಿತಿದ್ದೆ. ಎಲ್ಲರೂ ಹೊರಟಿದ್ದರು. ಪರದೆಯಲ್ಲಿ ಬೆಳಕಿಲ್ಲದ್ದನ್ನು ಕಿಟಕಿಯಿಂದ ನೋಡಿದ ಕಾವಲುಗಾರ ದೀಪ ಆರಿಸಿ ಬಾಗಿಲಿಗೆ ಚಿಲಕ ಹಾಕಿದ. ನಾನು ಕೂಗಿದ ಮೇಲೆ ತೆಗೆದು, ಟಾರ್ಚು ಬಿಟ್ಟು, ಕತ್ತಲಲ್ಲಿ ಏನು ಮಾಡುತ್ತಿದ್ದೀರಿ ಅಮ್ಮ ಎಂದು ಕೇಳಿದ.

"ಶಿಲ್ಕು ತಾಳೆ ನೋಡುತ್ತಿದ್ದೇನೆ" ಎಂದೆ. ಟಾರ್ಚನ್ನು ಒಮ್ಮೆ ನನ್ನ ಮುಖಕ್ಕೆ, ಒಮ್ಮೆ ಕಪ್ಪು ಪರದೆಗೆ ಬಿಟ್ಟು, ದೀಪ ಹಾಕಿ ಹೋದ.